ಯೆಲ್ಗಾವ ನಗರ ಮತ್ತು ಅದರ ವಿದ್ಯಾಲಯ

ಬಾಲ್ಟಿಕ್ ಸಮುದ್ರತೀರದ ಲಾಟ್ವಿಯಾ ದೇಶದಲ್ಲಿ, ರಾಜಧಾನಿ ರೀಗಾದಿಂದ ಸುಮಾರು 40 ಕಿಲೋಮೀಟರ್ ನೈಋತ್ಯಕ್ಕೆ, ಲಿಯೆಲುಪೆ ನದಿಯ ದಡದಲ್ಲಿ ಯೆಲ್ಗಾವ ನಗರವಿದೆ. ಜರ್ಮನರು ಇದನ್ನು ಮಿಟೌ ಎಂದು ಕರೆಯುತ್ತಿದ್ದರು. ಹಿಂದೆ ಇದು ಕೂರ್ಲೆಂಡಿನ ಡ್ಯೂಕರ ರಾಜಧಾನಿಯಾಗಿತ್ತು. ನದಿಯ ನಡುಗಡ್ಡೆಯ ಮೇಲೆ 1738ರಲ್ಲಿ ರಾಸ್ಟ್ರೆಲ್ಲಿ ಎಂಬ ವಾಸ್ತುಶಿಲ್ಪಿ ಕಟ್ಟತೊಡಗಿದ ಅರಮನೆಯು ಭವ್ಯವಾದುದೇ ಸರಿ. ಆದರೂ 1775ರಲ್ಲಿ ಡ್ಯೂಕ್ ಪೀಟರ್ ಬಿರೋನನು ಸ್ಥಾಪಿಸಿದ 'ಅಕಾಡೆಮಿಯ ಪೆಟ್ರಿನ' ಎಂಬ ವಿದ್ಯಾಲಯವನ್ನೇ ಈ ನಗರದ ಹಿರಿಯ ಆಸ್ತಿಯೆನ್ನಬೇಕು.

ಅದನ್ನು ವಿಶ್ವವಿದ್ಯಾಲಯವಾಗಿಸುವುದು ಡ್ಯೂಕನ ಹಂಬಲವಾಗಿತ್ತು. ಅದು ಕೈಗೂಡಲಿಲ್ಲ. 1795ರಲ್ಲಿ ನಾಡು ರಷ್ಯಾದ ವಶವಾಯಿತು. ವಿದ್ಯಾಲಯವು ಮುಂದೆ ಪ್ರೌಢಶಾಲೆಯಾಗಿ ಉಳಿಯಿತು. ಮುಂದಿನ ಶತಮಾನದ ಕೊನೆಯಲ್ಲಿ ರಷ್ಯನ್ ಭಾಷೆಯ ಹೇರಿಕೆ ಪ್ರಾರ್ಥನೆಯವರೆಗೂ ಬಂದಿತು. 1896ರಲ್ಲಿ ಲಿಥುವೇನಿಯದ ಕ್ಯಾಥೊಲಿಕ್ ವಿದ್ಯಾರ್ಥಿಗಳು ಪರಭಾಷೆಯಲ್ಲಿ ಪ್ರಾರ್ಥಿಸಲು ಒಪ್ಪದೆ ಶಾಲೆಯಿಂದ ಹೊರದೂಡಲ್ಪಟ್ಟರು. ಅವರಲ್ಲಿ ಒಬ್ಬನಾದ ಆಂಟಾನಸ್ ಸ್ಮೆಟೋನ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಓದು ಮುಂದುವರಿಸಿ, 1919ರಲ್ಲಿ ಲಿಥುವೇನಿಯದ ಪ್ರಥಮ ಅಧ್ಯಕ್ಷನಾದನು. 1922ರಲ್ಲಿ ಲಾಟ್ವಿಯಾದ ಪ್ರಥಮ ಅಧ್ಯಕ್ಷನಾದ ಯಾನಿಸ್ ಚಾಕ್ಸ್ಟೆಯೂ ಇದೇ ಶಾಲೆಯ ಹಳೆಯ ವಿದ್ಯಾರ್ಥಿ! ಎರಡು ರಾಷ್ಟ್ರಗಳ ಮೊದಲ ಅಧ್ಯಕ್ಷರನ್ನು ಕೊಟ್ಟ ಶಾಲೆಗಳು ವಿರಳ.

ಯುದ್ಧಗಳು ನಗರವನ್ನು ಕಾಡದೆ ಬಿಡಲಿಲ್ಲ. 1919ರಲ್ಲಿ ಹಿಮ್ಮೆಟ್ಟುವ ಸೈನ್ಯವು ಅರಮನೆಗೆ ಬೆಂಕಿಯಿಟ್ಟಿತು. 1944ರ ಕಾಳಗದಲ್ಲಿ ನಗರದ ಬಹುಭಾಗ ಬೂದಿಯಾಯಿತು. ಪೆಟ್ರಿನದ ಕಟ್ಟಡವೂ ಅಂದು ಜಖಂಗೊಂಡು, ಮತ್ತೆ ಎದ್ದು, ಈಗ ನಗರದ ಇತಿಹಾಸ ಮತ್ತು ಕಲೆಯ ವಸ್ತುಸಂಗ್ರಹಾಲಯವಾಗಿದೆ. ಡ್ಯೂಕನು ಬಯಸಿದ ವಿಶ್ವವಿದ್ಯಾಲಯ ಬೇರೆ ಬಗೆಯಲ್ಲಿ ಬಂದಿತು: 1939ರಲ್ಲಿ ಆರಂಭವಾದ ಕೃಷಿ ಅಕಾಡೆಮಿಯು ವಿಶ್ವವಿದ್ಯಾಲಯವಾಗಿ ಬೆಳೆದು ಅದೇ ಅರಮನೆಯಲ್ಲಿ ನೆಲಸಿದೆ. ಮೇಲೆ ಪಾಠಪ್ರವಚನಗಳು ನಡೆಯುತ್ತವೆ. ಕೆಳಗೆ ನೆಲಮಾಳಿಗೆಯಲ್ಲಿ ಕೂರ್ಲೆಂಡಿನ ಡ್ಯೂಕರ ಶವಪೆಟ್ಟಿಗೆಗಳಿವೆ.