ಕೊರೊನಾ ಮತ್ತು ಸ್ಟೆಮ್ ಸೆಲ್: ಏನಾಯಿತು, ಏನಾಗಲಿಲ್ಲ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಮಾನವ ಸಂತಾನೋತ್ಪತ್ತಿ ಪಾಠದಲ್ಲಿ ಸ್ಟೆಮ್ ಸೆಲ್, ಅಂದರೆ ಆಕರ ಕೋಶದ ಮಾತು ಬರುವಷ್ಟರಲ್ಲೇ ಮುಗಿದು ಹೋಗುತ್ತದೆ. ದೇಹದ ಯಾವುದೇ ಅಂಗಾಂಶವಾಗಿ ಬೆಳೆಯಬಲ್ಲ ಕೋಶ ಎಂದಷ್ಟೇ ನೆನಪಿಟ್ಟುಕೊಂಡು ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಕೊರೊನಾ ಕಾಲದಲ್ಲಿ ಈ ಕೋಶಗಳಿಗೆ ದೊಡ್ಡ ಕೆಲಸವೇ ಬಿತ್ತು.

ವೈರಸ್ ಜೀವಂತ ಕೋಶದೊಳಗೆ ಮಾತ್ರ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಕೊರೊನಾ ವೈರಸ್ ಬೆಳೆಸಲು ಸಾಮಾನ್ಯವಾಗಿ ಬಳಸುವುದು ವೀರೋ ಕೋಶಗಳನ್ನು. ಅವು ಆಫ್ರಿಕಾದ ಒಂದು ಜಾತಿಯ ಮಂಗದ ಮೂತ್ರಪಿಂಡದಿಂದ ಬಂದವು. ಮಂಗದ ಮೂತ್ರಪಿಂಡ ಎಲ್ಲಿ, ಮನುಷ್ಯನ ಪುಪ್ಪುಸ ಎಲ್ಲಿ! ಅಲ್ಲಿ ಕೆಲಸ ಮಾಡಿದ ಔಷಧ ಇಲ್ಲಿಯೂ ಮಾಡೀತೆಂದು ಹೇಳಲಾಗದು. ಹಾಗಾಗಿ 2020ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆ ಬೆಂಗಳೂರಿನ ಐಸ್ಟೆಮ್ ಕಂಪನಿಯ ಜೊತೆ ಕೈಜೋಡಿಸಿ, ಮನುಷ್ಯನ ಪುಪ್ಪುಸದ ಕೋಶಗಳಲ್ಲೇ ವೈರಸ್ ಬೆಳೆಸಿ ಔಷಧ ಪರೀಕ್ಷಿಸಲು ಹೊರಟಿತು. ಐಸ್ಟೆಮ್, ಹೆಸರೇ ಹೇಳುವಂತೆ, ಮೂಲತಃ ಕಣ್ಣಿನ ಕಾಯಿಲೆಗಾಗಿ ಆಕರ ಕೋಶ ಬಳಸುತ್ತಿದ್ದ ಕಂಪನಿ. ಇಂಥ ಕೆಲಸಕ್ಕೆ ದಾರಿ ತೆರೆದವರು ಜಪಾನಿನ ಶಿನ್ಯಾ ಯಮನಾಕ. ಬೆಳೆದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನು ಮತ್ತೆ ಆಕರ ಸ್ಥಿತಿಗೆ ತರಬಹುದೆಂದು 2006ರಲ್ಲಿ ಇಲಿಯ ಕೋಶಗಳಲ್ಲಿ ತೋರಿಸಿದರು; 2012ರಲ್ಲಿ ನೊಬೆಲ್ ಬಂತು.

ಚಿಕಿತ್ಸೆಯ ಕಥೆ ಬೇರೆ. ತೀವ್ರ ಕೋವಿಡ್‌ನಲ್ಲಿ ಪುಪ್ಪುಸವನ್ನು ಕೆಡಿಸುವುದು ವೈರಸ್ ಒಂದೇ ಅಲ್ಲ, ಮಿತಿ ಮೀರಿದ ನಮ್ಮದೇ ರೋಗನಿರೋಧಕ ಪ್ರತಿಕ್ರಿಯೆ ಕೂಡ. ಗಾಳಿಗೂಡುಗಳಲ್ಲಿ ದ್ರವ ತುಂಬಿ ಆಮ್ಲಜನಕ ರಕ್ತಕ್ಕೆ ಸೇರುವುದಿಲ್ಲ. ಅಸ್ಥಿಮಜ್ಜೆ ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಮೆಸೆಂಕೈಮಲ್ ಕೋಶಗಳನ್ನು ರಕ್ತನಾಳಕ್ಕೆ ಕೊಟ್ಟರೆ ಅವು ಮೊದಲು ಸಿಕ್ಕಿಕೊಳ್ಳುವುದೇ ಪುಪ್ಪುಸದ ಸೂಕ್ಷ್ಮ ನಾಳಗಳಲ್ಲಿ. ಅವು ಹೊಸ ಪುಪ್ಪುಸವಾಗುವುದಿಲ್ಲ. ಉರಿಯೂತ ತಗ್ಗಿಸುವ ರಾಸಾಯನಿಕ ಸಂಕೇತಗಳನ್ನು ಬಿಡುತ್ತವೆ. ಲೆಕ್ಕಾಚಾರವೇನೋ ಚೆನ್ನಾಗಿತ್ತು. ಆದರೆ ವೆಂಟಿಲೇಟರ್ ಮೇಲಿದ್ದ 200ಕ್ಕೂ ಹೆಚ್ಚು ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವನ್ನು 2020ರ ಡಿಸೆಂಬರ್‌ನಲ್ಲಿ ನಿಲ್ಲಿಸಬೇಕಾಯಿತು. ಸಾವು ಕಡಿಮೆಯಾಗುವ ಲಕ್ಷಣ ಕಾಣಲಿಲ್ಲ. ಅದೇ ವರ್ಷ ವೆಂಟಿಲೇಟರ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿದ್ದು ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧ.

ಇದನ್ನು ಮನೆಯವರಿಗೂ ಹೇಳಿ. ಸ್ಟೆಮ್ ಸೆಲ್ ಹೆಸರಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತಸಂಬಂಧಿ ಕಾಯಿಲೆಗಳ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು. ಯಾರಾದರೂ ಇಂಥ ಚಿಕಿತ್ಸೆ ಕೊಡುತ್ತೇವೆ ಎಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಪ್ರಯೋಗಕ್ಕೆ ಸೇರುವ ರೋಗಿಯಿಂದ ಹಣ ಪಡೆಯುವಂತಿಲ್ಲ.