ರಿಪೇರಿಯಿಂದ ಬೆಳೆದ ಕಾರ್ಖಾನೆ

ಶಿವಮೊಗ್ಗದ ವಿದ್ಯಾನಗರ ದಾಟಿ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಯತ್ತ ಹೊರಟರೆ ಫೌಂಡ್ರಿಗಳಿರುವ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಸಿಗುತ್ತದೆ, ಮುಂದೆ ಉಕ್ಕಿನ ಕಾರ್ಖಾನೆ. ಅಲ್ಲೇ ಸಮೀಪದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣಕ್ಕೆ 3,200 ಮೀಟರ್ ಉದ್ದದ ರನ್‌ವೇ ಇದೆ. ಫೌಂಡ್ರಿ, ಉಕ್ಕು, ರನ್‌ವೇ ಮೂರೂ ಒಂದೇ ದಾರಿಯ ಅಕ್ಕಪಕ್ಕ ಇರುವಾಗ ಸೇನಾ ವಿಮಾನಗಳ ರಿಪೇರಿ ಕೇಂದ್ರವೊಂದು ಇಲ್ಲಿಗೂ ಬರಬಾರದೇ ಎಂಬ ಆಸೆ ಸಹಜ. ಆ ಆಸೆಗೆ ದಾರಿ ತೋರಿಸಬಲ್ಲದ್ದು ಬೆಂಗಳೂರಿನ ಎಚ್‌ಎಎಲ್ ಬೆಳೆದ ಬಗೆ.

ಉದ್ಯಮಿ ವಾಲಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಂಪನಿ ತೆರೆದಾಗ, ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ 700 ಎಕರೆ ಜಮೀನನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. ಉದ್ದೇಶ ಹೊಸ ವಿಮಾನ ಕಟ್ಟುವುದು. 1941ರಲ್ಲಿ ಹಾರ್ಲೋ ತರಬೇತಿ ವಿಮಾನ ಹಾರಿಯೂ ಬಿಟ್ಟಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬರ್ಮಾಕ್ಕೆ ಬಂತು. 1942ರಲ್ಲಿ ಭಾರತ ಸರ್ಕಾರ ವಾಲಚಂದರ ಪಾಲನ್ನು ಕೊಂಡಿತು, ಮರುವರ್ಷ ಕಾರ್ಖಾನೆ ಅಮೆರಿಕದ ವಾಯುಪಡೆಯ ಸುಪರ್ದಿಗೆ ಹೋಯಿತು. ಹೊಸದನ್ನು ಕಟ್ಟುವುದು ಹಿಂದೆ ಸರಿದು ಯುದ್ಧಭೂಮಿಯಿಂದ ಬಂದ ವಿಮಾನಗಳ ಓವರ್‌ಹಾಲ್ ಮುಂದೆ ಬಂತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣವಾಯಿತು.

ಇದನ್ನು ಕನಸು ಮುರಿದ ಕಥೆ ಎನ್ನುವವರಿದ್ದಾರೆ. ನನ್ನ ಎಣಿಕೆಯಲ್ಲಿ ಕಾರ್ಖಾನೆಗೆ ಬೇರು ಇಳಿದದ್ದೇ ಆಗ. ಓವರ್‌ಹಾಲ್ ಎಂದರೆ ವಿಮಾನವನ್ನು ಬಿಚ್ಚಿ, ಬಣ್ಣ ಕೆರೆದು, ಕಣ್ಣಿಗೆ ಕಾಣದ ಬಿರುಕನ್ನು ಪರೀಕ್ಷೆಯಲ್ಲಿ ಹಿಡಿದು, ಪ್ರತಿ ಭಾಗದ ಆಯಸ್ಸನ್ನು ದಾಖಲೆಯಲ್ಲಿ ಬರೆದು, ಎಂಜಿನ್ನನ್ನು ಟೆಸ್ಟ್ ಬೆಡ್ ಮೇಲೆ ಓಡಿಸಿ ನೋಡಿ ಮತ್ತೆ ಜೋಡಿಸುವುದು. ಬೇರೆಯವರು ಕಟ್ಟಿದ ಯಂತ್ರ ಎಲ್ಲಿ ಸವೆಯುತ್ತದೆ, ಏಕೆ ಸೋಲುತ್ತದೆ ಎಂಬುದು ಬಿಚ್ಚಿದವನಿಗೆ ತಿಳಿಯುವಷ್ಟು ನಕ್ಷೆ ಓದಿದವನಿಗೆ ತಿಳಿಯದು. ಯುದ್ಧ ಮುಗಿದ ಮೇಲೆ, ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಈ ಕೈಗಳೇ ಸರಿಪಡಿಸಿದವು. 1948ರಲ್ಲಿ ಭಾರತೀಯ ವಾಯುಪಡೆ ಅವುಗಳಿಂದ ಒಂದು ಸ್ಕ್ವಾಡ್ರನ್ ಕಟ್ಟಿತು. 1968ರವರೆಗೆ ಅವು ಸೇವೆಯಲ್ಲಿದ್ದವು. ಇಲ್ಲೇ ರೂಪಿಸಿ ಕಟ್ಟಿದ ಎಚ್‌ಟಿ-2 ತರಬೇತಿ ವಿಮಾನ ಹಾರಿದ್ದು ಆಮೇಲೆ, 1951ರಲ್ಲಿ. ಅದನ್ನು ರೂಪಿಸಿದವರು ವಿಜ್ಞಾನಿ ವಿ.ಎಂ. ಘಾಟಗೆಯವರಲ್ಲವೇ, ರಿಪೇರಿಯವರಿಗೇಕೆ ಶ್ರೇಯ ಎಂದು ಕೇಳಬಹುದು. ನಕ್ಷೆ ಅವರದು, ನಿಜ. ಆದರೆ ತಗಡು ಬಗ್ಗಿಸಿ, ರಿವೆಟ್ ಹೊಡೆದು ನಕ್ಷೆಯನ್ನು ಹಾರಿಸಬಲ್ಲ ಕೆಲಸಗಾರರ ಪಡೆ ಅಷ್ಟರಲ್ಲಿ ಸಿದ್ಧವಿತ್ತು.

ಆ ಪಡೆಯನ್ನು ಬೆಳೆಸಿದ್ದು ಸೇನೆಯಿಂದ ಬಿಡದೆ ಬಂದ ರಿಪೇರಿ ಕೆಲಸ. ಆದರೆ ಸರ್ಕಾರದ ಖಚಿತ ಕೆಲಸ ಸಿಕ್ಕರೆ ಮೈಗಳ್ಳತನ ಬೆಳೆಯುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನಗಳ ವಿಳಂಬಕ್ಕೆ ವಾಯುಪಡೆಯ ಮುಖ್ಯಸ್ಥರೇ 2025ರ ಏರೋ ಇಂಡಿಯಾದಲ್ಲಿ ಅಸಮಾಧಾನ ತೋರಿದರು. ಇದಕ್ಕೆ ಮದ್ದು ಕೆಲಸ ಕಿತ್ತುಕೊಳ್ಳುವುದಲ್ಲ, ಕರಾರು ತಿದ್ದುವುದು: ಎಷ್ಟು ವಿಮಾನ ಹಾರಲು ಸಿದ್ಧವಾಗಿ ಹೊರಬಂದವು ಎಂಬುದಕ್ಕೆ ತಕ್ಕಂತೆ ಹಣ ಕೊಡಬೇಕು. ವರ್ಷಕ್ಕೊಂದು ಟೆಂಡರ್ ಕರೆದರೆ ಟೆಸ್ಟ್ ಬೆಡ್‌ಗೆ ಬಂಡವಾಳ ಹಾಕುವವರು ಯಾರು? ಹತ್ತು ವರ್ಷ ಕಲಿತ ಫಿಟ್ಟರ್ ಕೆಲಸವಿಲ್ಲದೆ ಎರಡು ವರ್ಷ ಕಾಯುತ್ತಾನೆಯೇ?

ಭದ್ರಾವತಿಯ ಕಾರ್ಖಾನೆಯೂ ಅದೇ ಮೈಸೂರು ಸರ್ಕಾರದ ಕೂಸು. ಅಲ್ಲಿ ನುರಿತ ಕೈಗಳಿಗೆ ಕೊರತೆಯಿರಲಿಲ್ಲ. ವಿಶೇಷ ಉಕ್ಕು ತಯಾರಿಸುವ ಅನುಭವವೂ ಇತ್ತು. ಆದರೂ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ಅದಿರು, ಬಂಡವಾಳ, ಮಾರುಕಟ್ಟೆ ಎಂದು ಕಾರಣಗಳು ಹಲವಿದ್ದರೂ, ವಾಯುಪಡೆಯಂಥ ಬಿಡದ ಗಿರಾಕಿಯೊಂದು ಅದಕ್ಕೆ ಇರಲಿಲ್ಲ ಎಂಬುದೂ ಅವುಗಳಲ್ಲಿ ಒಂದು. ಸೋಗಾನೆಗೆ ಹ್ಯಾಂಗರ್ ಕೇಳಲು ನಮ್ಮ ಪ್ರತಿನಿಧಿಗಳು ದೆಹಲಿಗೆ ಹೋದರೆ, ಕಟ್ಟಡದ ಅನುದಾನಕ್ಕಿಂತ ಮೊದಲು ಹತ್ತು ವರ್ಷದ ಕೆಲಸದ ಕರಾರನ್ನು ಕೇಳಲಿ.