ಅಲ್ಯುಮಿನಿಯಂ ಮಿಶ್ರಲೋಹಗಳ ಅರೆಘನ ಎರಕ

ಲೋಹವನ್ನು ಪೂರ್ಣವಾಗಿ ಕರಗಿಸಿ ಅಚ್ಚಿಗೆ ಹೊಯ್ದು ಪಡೆದದ್ದು ಎರಕ. ಕರಗಿಸದೆ ಕಾಯಿಸಿ, ಬಡಿದು ಅಥವಾ ಒತ್ತಿ ರೂಪಿಸಿದ್ದು ಫೋರ್ಜಿಂಗ್. ಮೊದಲನೆಯದರಿಂದ ಜಟಿಲವಾದ ಆಕಾರಗಳು ಸುಲಭವಾಗಿ ದೊರೆಯುತ್ತವೆ, ಎರಡನೆಯದರಿಂದ ದೃಢತೆ. ಇವೆರಡರ ನಡುವೆ, ಭಾಗಶಃ ಘನ ಭಾಗಶಃ ದ್ರವ ಸ್ಥಿತಿಯಲ್ಲಿರುವ ಲೋಹವನ್ನು ಅಚ್ಚಿಗೆ ತುಂಬುವ ವಿಧಾನವೊಂದಿದೆ. ಇದನ್ನು ಅರೆಘನ ಎರಕವೆಂದು ಕರೆಯಬಹುದು. ಇದರ ಸಾಧ್ಯತೆಗಳೆಲ್ಲವೂ ಲೋಹದೊಳಗಿನ ಹರಳುಗಳ ಆಕಾರವನ್ನು ಹೇಗೆ ಅವಲಂಬಿಸಿವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಅಲ್ಯುಮಿನಿಯಂ ಭಾಗಗಳನ್ನು ಹೇರಳವಾಗಿ ತಯಾರಿಸಲು ಬಳಕೆಯಲ್ಲಿರುವುದು ಅಧಿಕ ಒತ್ತಡದ ಡೈ ಎರಕ. ಇದರಲ್ಲಿ ದ್ರವಲೋಹವು ಸೆಕೆಂಡಿಗೆ ಸುಮಾರು 30 ಮೀಟರ್ ಅಥವಾ ಅದಕ್ಕೂ ಮಿಗಿಲಾದ ವೇಗದಲ್ಲಿ ಅಚ್ಚಿನ ದ್ವಾರವನ್ನು ಹೊಕ್ಕು ತುಂತುರಾಗಿ ಚಿಮ್ಮುತ್ತದೆ. ಅಲ್ಲಿದ್ದ ಗಾಳಿಯು ಲೋಹದಲ್ಲಿಯೇ ಸಿಲುಕುತ್ತದೆ. ಮೇಲ್ನೋಟಕ್ಕೆ ಇದು ಕಾಣದು. ಆದರೆ ಬಲವರ್ಧನೆಗಾಗಿ ಆ ಭಾಗವನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿದಾಗ ಸಿಲುಕಿದ ಗಾಳಿಯು ಮೆತ್ತಗಾದ ಲೋಹವನ್ನು ಒಳಗಿನಿಂದ ಉಬ್ಬಿಸಿ ಮೈಮೇಲೆ ಬೊಕ್ಕೆಗಳನ್ನು ಎಬ್ಬಿಸುತ್ತದೆ. ಆದ್ದರಿಂದ ಸಾಮಾನ್ಯ ಡೈ ಎರಕದ ಭಾಗಗಳಿಗೆ ಈ ಉಷ್ಣೋಪಚಾರ ಒಗ್ಗುವುದಿಲ್ಲ. ಬ್ರೇಕಿನಂತಹ, ಪ್ರಾಣವೇ ಅವಲಂಬಿಸಿರುವ ಭಾಗಗಳಿಗೆ ಅಂತಹ ಎರಕವನ್ನು ನೆಚ್ಚುವುದು ಕಷ್ಟ. ಜೊತೆಗೆ, ಘನೀಕರಿಸುವಾಗ ಅಲ್ಯುಮಿನಿಯಂ ಗಾತ್ರದಲ್ಲಿ ಸುಮಾರು ಶೇ. 6ರಷ್ಟು ಕುಗ್ಗುವುದರಿಂದಲೂ ಟೊಳ್ಳುಗಳು ಉಂಟಾಗುತ್ತವೆ. ಅರ್ಧದಷ್ಟು ಘನವಾದ ಲೋಹ ಅಚ್ಚನ್ನು ಹೊಕ್ಕರೆ ಈ ಕುಗ್ಗುವಿಕೆಯ ಸುಮಾರು ಅರ್ಧಭಾಗ ಹೊರಗೇ ಮುಗಿದಿರುತ್ತದೆ. ಮಂದವಾದ ಲೋಹವು ಚಿಮ್ಮದೆ ಒಂದೇ ಮುಂದಂಚಾಗಿ ಸಾಗಿ ಗಾಳಿಯನ್ನು ಹೊರದಬ್ಬುತ್ತದೆ.

ಹಾಗಾದರೆ ಅರ್ಧ ಗಟ್ಟಿಯಾದ ಲೋಹ ಹರಿಯುವುದಾದರೂ ಹೇಗೆ? ನಿಶ್ಚಲವಾಗಿ ತಣಿಯುವ ಮಿಶ್ರಲೋಹದಲ್ಲಿ ಹರಳುಗಳು ಕೊಂಬೆರೆಂಬೆಗಳುಳ್ಳ ಮರದಂತೆ ಬೆಳೆಯುತ್ತವೆ. ಲೋಹದ ಐದನೆಯ ಒಂದು ಭಾಗ ಘನವಾಗುವಷ್ಟರಲ್ಲಿಯೇ ಈ ರೆಂಬೆಗಳು ಪರಸ್ಪರ ತೊಡರಿಕೊಂಡು ಹರಿವನ್ನು ತಡೆಯುತ್ತವೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮರ್ಟನ್ ಫ್ಲೆಮಿಂಗ್ಸ್ ಅವರ ವಿದ್ಯಾರ್ಥಿ ಡೇವಿಡ್ ಸ್ಪೆನ್ಸರ್ ಎರಕಗಳು ತಣಿಯುವಾಗ ಬಿರುಕುಬಿಡುವುದನ್ನು ಅಭ್ಯಸಿಸುತ್ತಿದ್ದರು. ಶೇ. 15ರಷ್ಟು ಸೀಸವುಳ್ಳ ತವರವನ್ನು ಘನೀಕರಿಸುತ್ತಿರುವಾಗಲೇ ನಿರಂತರವಾಗಿ ತಿರುಗಿಸಿದಾಗ, ಅದು ನಿರೀಕ್ಷೆಗಿಂತ ಬಹಳ ಕಡಿಮೆ ಪ್ರತಿರೋಧ ತೋರಿತು. ಕಲಕುವಿಕೆಯಿಂದ ಮರದಾಕಾರದ ಹರಳುಗಳ ಬದಲು ದುಂಡನೆಯ ಕಣಗಳು ರೂಪುಗೊಂಡಿದ್ದವು. ದ್ರವದಲ್ಲಿ ತೇಲುವ ಇಂತಹ ಗುಂಡುಗಳು ಒಂದರ ಮೇಲೊಂದು ಜಾರಬಲ್ಲವು. 1972ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಬಿರುಕಿನ ಅಧ್ಯಯನವು ಹೊಸ ಎರಕವಿಧಾನಕ್ಕೆ ದಾರಿಮಾಡಿತೆಂಬುದು ಗಮನಾರ್ಹ.

ಇಂತಹ ಲೋಹದ ಮುದ್ದೆಯನ್ನು ಸುಮ್ಮನೆ ಇರಿಸಿದರೆ ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಚಾಕುವಿನಿಂದ ಬೆಣ್ಣೆಯಂತೆ ಕತ್ತರಿಸಬಹುದು. ಒತ್ತಿ ನೂಕಿದರೆ ತೆಳುವಾಗಿ ಹರಿಯುತ್ತದೆ. ಗಟ್ಟಿ ಮೊಸರನ್ನು ಕಡೆದರೆ ತೆಳ್ಳಗಾಗುವುದನ್ನು ಇಲ್ಲಿ ನೆನೆಯಬಹುದು. ಆದರೆ ಕಡೆದ ಮೊಸರು ಮತ್ತೆ ಮೊದಲಿನ ಗಟ್ಟಿತನಕ್ಕೆ ಬಾರದು. ಲೋಹದ ಮುದ್ದೆಯಾದರೋ ಬಿಟ್ಟೊಡನೆ ಕಣಗಳು ಮರಳಿ ಅಂಟಿಕೊಂಡು ಗಟ್ಟಿಯಾಗತೊಡಗುತ್ತದೆ.

ಎಲ್ಲ ಲೋಹಗಳೂ ಇದಕ್ಕೆ ಸಲ್ಲುವುದಿಲ್ಲ. ಶುದ್ಧ ಅಲ್ಯುಮಿನಿಯಂ 660 ಡಿಗ್ರಿಯೊಂದರಲ್ಲಿಯೇ ಕರಗಿ ಗಟ್ಟಿಯಾಗುವುದರಿಂದ ಅದರಲ್ಲಿ ಅರೆಘನ ಸ್ಥಿತಿಯನ್ನು ಹಿಡಿದಿಡುವುದು ಅಸಾಧ್ಯವೇ ಸರಿ. ಸುಮಾರು ಶೇ. 7 ಸಿಲಿಕಾನ್ ಮತ್ತು ಅಲ್ಪ ಮೆಗ್ನೀಸಿಯಂ ಉಳ್ಳ ಎ356 ಮಿಶ್ರಲೋಹ ಸುಮಾರು 615 ಡಿಗ್ರಿಯಲ್ಲಿ ಹರಳುಗಟ್ಟಲಾರಂಭಿಸುತ್ತದೆ. 577 ಡಿಗ್ರಿಯ ಆಸುಪಾಸಿಗೆ ಬರುವಾಗ ಅದರ ಹೆಚ್ಚುಕಡಿಮೆ ಅರ್ಧಭಾಗ ಘನವಾಗಿರುತ್ತದೆ. ಉಳಿದರ್ಧ ಅಲ್ಲಿಂದ ಯೂಟೆಕ್ಟಿಕ್ ಆಗಿ ಗಟ್ಟಿಯಾಗುತ್ತದೆ. ಸುಮಾರು 40 ಡಿಗ್ರಿಗಳ ಈ ಅಂತರವೇ ಕೆಲಸಗಾರನಿಗೆ ದೊರೆಯುವ ಅವಕಾಶ. ಅರೆಘನ ಎರಕದಲ್ಲಿ ಎ356 ಮತ್ತು ಅದರ ಸೋದರ ಎ357 ಮುಂಚೂಣಿಯಲ್ಲಿರುವುದಕ್ಕೆ ಇದು ಮುಖ್ಯ ಕಾರಣ. 6061ರಂತಹ ಮಿಶ್ರಲೋಹಗಳಲ್ಲಿ ತಾಪ ಕೆಲವೇ ಡಿಗ್ರಿ ಏರುಪೇರಾದರೂ ದ್ರವಾಂಶ ಬಹಳವಾಗಿ ಬದಲಾಗುತ್ತದೆ. ಅವುಗಳನ್ನು ಹತೋಟಿಯಲ್ಲಿಡುವುದು ಇಂದಿಗೂ ತೊಡಕಿನ ಕೆಲಸ.

ಕೈಗಾರಿಕೆಯಲ್ಲಿ ಮೊದಲು ನೆಲೆಯೂರಿದ್ದು ಥಿಕ್ಸೋ ಎರಕ. ವಿದ್ಯುತ್ಕಾಂತೀಯವಾಗಿ ಕಲಕುತ್ತ ಎರಕಹೊಯ್ದ ದಿಮ್ಮಿಗಳನ್ನು ತುಂಡರಿಸಿ, ಪ್ರೇರಣ ತಾಪನದಿಂದ ಪುನಃ ಅರೆಘನ ಸ್ಥಿತಿಗೆ ತಂದು ಯಂತ್ರಕ್ಕೆ ಊಡಲಾಗುತ್ತಿತ್ತು. 1990ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಕಾರುಗಳ ಬ್ರೇಕ್ ಸಿಲಿಂಡರು, ಇಂಧನ ಹಂಚುವ ನಳಿಕೆ ಮೊದಲಾದ ಭಾಗಗಳು ಹೀಗೆ ತಯಾರಾದವು. ಭಾಗಗಳ ಗುಣಮಟ್ಟ ಉತ್ತಮವಾಗಿದ್ದರೂ ವಿಧಾನ ಹಿನ್ನಡೆ ಕಂಡದ್ದು ಲೆಕ್ಕದ ಪುಸ್ತಕದಲ್ಲಿ. ಕಲಕಿದ ದಿಮ್ಮಿಗೆ ಹೆಚ್ಚಿನ ಬೆಲೆ ತೆರಬೇಕಿತ್ತು. ಎರಕದ ಕಾಲುವೆಗಳಲ್ಲಿ ಉಳಿದ ಲೋಹವನ್ನು ಕಾರ್ಖಾನೆಯಲ್ಲಿಯೇ ಕರಗಿಸಿ ಮರುಬಳಸಲು ಬಾರದು, ಏಕೆಂದರೆ ಕರಗಿದೊಡನೆ ದುಂಡು ಹರಳುಗಳು ಅಳಿದುಹೋಗುತ್ತವೆ. ಕಲಕುವ ಕೆಲಸ ಬೇರೆ ಕಡೆ, ಎರಕದ ಕೆಲಸ ಇನ್ನೊಂದು ಕಡೆ ಎಂಬ ಈ ವಿಂಗಡಣೆಯೇ ಥಿಕ್ಸೋ ಎರಕದ ಮೂಲ ದೌರ್ಬಲ್ಯವೆಂದು ನಮ್ಮ ಅಭಿಪ್ರಾಯ.

ರಿಯೋ ಎರಕವು ಈ ವಿಂಗಡಣೆಯನ್ನು ತೊಡೆಯುತ್ತದೆ: ದ್ರವಲೋಹವನ್ನು ಯಂತ್ರದ ಬಳಿಯಲ್ಲಿಯೇ ಅರೆಘನಗೊಳಿಸಿ ಕೂಡಲೇ ಅಚ್ಚಿಗೆ ಕಳಿಸಲಾಗುತ್ತದೆ; ಉಳಿಕೆ ಲೋಹ ಅದೇ ಕುಲುಮೆಗೆ ಹಿಂತಿರುಗುತ್ತದೆ. ಘನೀಕರಣದ ಉದ್ದಕ್ಕೂ ಕಲಕಬೇಕಿಲ್ಲ, ಹರಳುಗಳು ಮೊಳೆಯುವ ಮೊದಲ ಕೆಲವು ಡಿಗ್ರಿಗಳಲ್ಲಿ ಲೋಹವನ್ನು ಬೇಗ ತಣಿಸಿ ಕದಡಿದರೆ ಸಾಕು ಎಂಬುದು ಫ್ಲೆಮಿಂಗ್ಸ್ ಬಳಗದವರ ನಂತರದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಆಗ ಮೊಳಕೆಗಳು ಅಸಂಖ್ಯವಾಗಿ ಹುಟ್ಟಿ, ಪ್ರತಿಯೊಂದಕ್ಕೂ ರೆಂಬೆ ಚಾಚಲು ಎಡೆಯಿಲ್ಲದೆ ದುಂಡಗಾಗುತ್ತವೆ. ಅವರು ಬಳಸಿದ್ದು ತಿರುಗುವ ತಣ್ಣನೆಯ ಸಲಾಕೆ. ಥಾಯ್ಲೆಂಡಿನವರು ರಂಧ್ರಮಯ ಗ್ರಾಫೈಟಿನ ಮೂಲಕ ಅನಿಲದ ಗುಳ್ಳೆಗಳನ್ನು ಹಾಯಿಸಿದರು. ಸ್ವೀಡನ್ನಿನವರು ಸಲಾಕೆಗೆ ಅಂಟಿಸಿದ ಘನಲೋಹದ ತುಂಡನ್ನೇ ದ್ರವದಲ್ಲಿ ತಿರುಗಿಸಿ ಕರಗಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಯಾಂತ್ರಿಕ ಎಂಜಿನಿಯರಿಂಗ್ ವಿಭಾಗದಲ್ಲಿಯೂ ವಿದ್ಯುತ್ಕಾಂತೀಯ ಕಲಕುವಿಕೆ ಹಾಗೂ ಇಳಿಜಾರು ತಟ್ಟೆಯ ವಿಧಾನಗಳನ್ನು ಪ್ರಯೋಗ ಮತ್ತು ಗಣಕ ಮಾದರಿಗಳೆರಡರಿಂದಲೂ ಅಭ್ಯಸಿಸಲಾಗಿದೆ. ಇಳಿಜಾರು ತಟ್ಟೆಯ ರಚನೆ ತೀರ ಸರಳ. ತಣಿಸಿದ ಓರೆ ತಟ್ಟೆಯ ಮೇಲೆ ಲೋಹ ಹರಿದಾಗ ಅದರ ಮೇಲ್ಮೈಯಲ್ಲಿ ಮೂಡುವ ಹರಳುಗಳನ್ನು ಹರಿವೇ ಕಿತ್ತು ಒಯ್ಯುತ್ತದೆ. ಕಲಕುವ ಯಂತ್ರ ಬೇಕಿಲ್ಲ. ಆದರೆ ತಟ್ಟೆಯ ಓರೆ, ಉದ್ದ, ಹೊಯ್ಯುವ ತಾಪ ಇವುಗಳಲ್ಲೊಂದು ತಪ್ಪಿದರೂ ಲೋಹ ತಟ್ಟೆಯ ಮೇಲೆಯೇ ಪೊರೆಗಟ್ಟಿ ನಿಲ್ಲುತ್ತದೆ, ಇಲ್ಲವೇ ದುಂಡು ಹರಳುಗಳಿಲ್ಲದೆ ಕೆಳಗಿಳಿಯುತ್ತದೆ.